ಕಡ್ಡಿ, ಕಿಂಡಿ ಮತ್ತು ನೀಲವ್ವನ ಕೆಮ್ಮು

ಲಂಗಕ್ಕೆ ಲಾಡಿ ಪೋಣಿಸಲು ಪಿನ್ನು ಹುಡುಕುತ್ತಿದ್ದೆ. ನಿಮಗೂ ಗೊತ್ತಿರಬೇಕು, ಪಿನ್ನು ಬೇಕಾದಾಗ ಸಿಗುವುದಿಲ್ಲ, ಬೇಡವಾದಾಗ ಅಂಗಾಲಿಗೆ ಚುಚ್ಚಿ ತಾನಿದ್ದೇನೆ ಎನ್ನುತ್ತದೆ. ಹೊಲಿಗೆ ಡಬ್ಬಿಯನ್ನು ಬೋರಲು ಹಾಕಿದೆ. ಜೋಡಿ ತಪ್ಪಿದ ಗುಂಡಿಗಳು, ಗಂಟುಬಿದ್ದ ದಾರ, ಮುರಿದ ಹುಕ್ಕು, ಇವುಗಳ ನಡುವೆ ಬೆರಳುದ್ದದ ಒಂದು ಕಪ್ಪು ಪ್ಲಾಸ್ಟಿಕ್ ಕಡ್ಡಿ. ತುದಿ ಮೊಂಡು, ಮೈ ನುಣುಪು. ಅದರ ಹಿಂಬದಿಗೆ ಲಾಡಿಯನ್ನು ದಾರದಿಂದ ಬಿಗಿದು ನೂಕಿದೆ. ಎರಡೇ ನಿಮಿಷದಲ್ಲಿ ಆ ಬದಿಗೆ ಬಂತು. ಮೂಗಿನ ಹತ್ತಿರ ಹಿಡಿದರೆ ಇಂದಿಗೂ ಸಣ್ಣಗೆ ಘಾಟು ಇದೆ. ಇದೆ ಎಂದು ನನಗೆ ಅನ್ನಿಸುತ್ತದೆ. ಸಾಕ್ಷಿ ಕೇಳಿದರೆ ಕೊಡಲಾರೆ.

ಈ ಕಡ್ಡಿ ಒಂದು ಕಾಲಕ್ಕೆ ಫೋನಿನದು. ಆಗ ದೊಡ್ಡ ಪರದೆಯ ಫೋನುಗಳಿಗೆ ಬೆರಳು ತಾಕಿದರೆ ಸಾಲುತ್ತಿರಲಿಲ್ಲ, ಕಡ್ಡಿಯಿಂದ ತಿವಿಯಬೇಕಿತ್ತು. ಹಾವೇರಿಯ ನಮ್ಮ ಕಾಲೇಜಿನಲ್ಲೇ ಅಂಥ ಫೋನು ಇದ್ದದ್ದು ಒಬ್ಬಿಬ್ಬರ ಬಳಿ. ಆದರೆ ನಮ್ಮ ದೊಡ್ಡತ್ತಿಯ, ಅಂದರೆ ಅಪ್ಪನ ಅಕ್ಕನ ಬಳಿ ಇತ್ತು. ಸಹಿಗೆ ಹೆಬ್ಬೆಟ್ಟು ಒತ್ತುವ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ತೆಗೆಯುವ ಹೆಂಗಸರ ಗುಂಪನ್ನು ನಡೆಸುವ ಗಂಗವ್ವತ್ತಿಯ ಬಳಿ.

ಅವಳು ಕೆಲಸ ಮಾಡುವ ಮೆಣಸಿನಕಾಯಿ ಅಂಗಡಿಯ ಮಾಲೀಕರ ಮಗ ಹೊಸ ಫೋನು ಕೊಂಡು, ಹಳೆಯದನ್ನು ದೊಡ್ಡತ್ತಿಗೆ ಕೊಟ್ಟಿದ್ದ. ಅತ್ತಿ ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಹೀಗಾಗಿ ಚಾರ್ಜರಿನ ತೂತಿಗೆ ಸುಣ್ಣ ತುಂಬುತ್ತಿತ್ತು, ಪರದೆಗೆ ಮೆಣಸಿನಕಾಯಿಯ ಕೆಂಪು ಹತ್ತುತ್ತಿತ್ತು. ಅವಳ ಫೋನನ್ನು ಎರವಲು ಪಡೆದು ಮಾತಾಡಿದವರು ಆಮೇಲೆ ಕೆನ್ನೆ ತೊಳೆಯಲು ನಲ್ಲಿ ಹುಡುಕುತ್ತಿದ್ದರು. ನಾನೊಮ್ಮೆ, "ಅತ್ತಿ, ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮಿ. ಉರಿ ಅನ್ನೂದೆಲ್ಲಾ ಮನಸಿನ ಭ್ರಮೆ" ಎಂದು ಸಿದ್ಧಾಂತ ಮಂಡಿಸಿದ್ದೆ.

"ಹೌದೇನವಾ ವಕೀಲಿ? ತುಸು ಕಣ್ಣಿಗೆ ಹಚ್ಚಿಕೊಂಡು ಆಮ್ಯಾಲೆ ವಾದಾ ಮಾಡು" ಎಂದಳು ಅತ್ತಿ.

ವಕೀಲಿ ಎಂಬುದು ನನಗೆ ಅವಳಿಟ್ಟ ಹೆಸರು. ನಾನು ಚರ್ಚಾ ಸ್ಪರ್ಧೆಯವಳು. ಒಂದೇ ತಿಂಗಳಲ್ಲಿ ಒಂದೇ ವಿಷಯದ ಪರವಾಗಿ ಒಂದು ಕಡೆ, ವಿರೋಧವಾಗಿ ಇನ್ನೊಂದು ಕಡೆ ಮಾತಾಡಿ ಎರಡೂ ಕಡೆ ಬಹುಮಾನ ತಂದವಳು. ಬಹುಮಾನ ಎಂದರೆ ಸ್ಟೀಲಿನ ಲೋಟ. ಪರವಾಗಿ ಗೆದ್ದ ಲೋಟದಲ್ಲಿ ಅವ್ವ ಅಕ್ಕಿ ಅಳೆಯುತ್ತಿದ್ದಳು, ವಿರೋಧವಾಗಿ ಗೆದ್ದದ್ದರಲ್ಲಿ ಬೇಳೆ. ದೇವರು, ದೆವ್ವ, ಜಾತಕ, ನೆಗಡಿಗೆ ಕಷಾಯ, ಯಾವುದನ್ನೂ ನಾನು ಪುರಾವೆ ಇಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಮಾತ್ರ ಪುರಾವೆಯಿಲ್ಲದೆ ಎಲ್ಲರ ಮನೆಯ ಒಳಗೂ ಹೋಗುತ್ತಿದ್ದೆ, ಆ ಮಾತು ಬೇರೆ.

ಓದಲು ಬಾರದ ದೊಡ್ಡತ್ತಿಗೆ ಫೋನು ಬಂದರೆ ಯಾರದೆಂದು ಗೊತ್ತಾಗುವುದು ಹೇಗೆ? ಈ ಸಮಸ್ಯೆಯನ್ನು ಬಿಡಿಸಿದ್ದು ನಾನೇ. ಆ ಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಪ್ಪಳ ಇಡಬಹುದಿತ್ತು. ಹಾಡು ಯಾಕೆ, ಅವರವರ ದನಿಯನ್ನೇ ಇಡೋಣ ಎಂದು ಒಂದು ರವಿವಾರ ಬ್ಯಾಡಗಿಗೆ ಹೋಗಿ, ತೊಟ್ಟು ತೆಗೆಯುವ ಅಂಗಳದಲ್ಲಿ ಫೋನು ಹಿಡಿದು ಕುಳಿತೆ. ಅತ್ತಿಯ ಬಲಗೈಯಾದ ಫಾತಿಮಾ ಅಂಜದೆ, "ಅಕ್ಕಾ, ನಾ ಫಾತಿಮಾ, ಲಗೂ ಎತ್ತ" ಎಂದಳು. ಎಪ್ಪತ್ತರ ನೀಲವ್ವ ಫೋನನ್ನು ಕಂಡೊಡನೆ ಮಾತು ನುಂಗಿಕೊಂಡಳು. ಮೂರು ಸಲ ಪ್ರಯತ್ನಪಟ್ಟರೂ ದಾಖಲಾದದ್ದು ಕೆಮ್ಮು ಮಾತ್ರ. "ಇರಲಿ ಬಿಡು, ಆಕಿ ಕೆಮ್ಮು ಆಕೀದ ಐತಿ, ಬ್ಯಾರೇರದು ಹಂಗ ಇರೂದಿಲ್ಲ" ಎಂದಳು ಅತ್ತಿ. ಅಂದಿನಿಂದ ಸಂಚಿ ಕೆಮ್ಮಿತೆಂದರೆ ನೀಲವ್ವ ಕರೆಯುತ್ತಿದ್ದಾಳೆ ಎಂದು ಅರ್ಥ. ನನ್ನದನ್ನು ನಾನು ವಿಶೇಷವಾಗಿ ಮಾಡಿಕೊಂಡೆ: "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ!" ನಾನು ಹಾವೇರಿಯಿಂದ ಫೋನು ಹಚ್ಚಿದಾಗೆಲ್ಲ ಬ್ಯಾಡಗಿಯ ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡುತ್ತಿದ್ದರಂತೆ.

ಕೊನೆಗೆ ಉಳಿದದ್ದು ಒಂದೇ ಹೆಸರು. ರಾಣೇಬೆನ್ನೂರಿನ ಸಣ್ಣತ್ತಿ, ಶಾಂತವ್ವ. ಗಂಗವ್ವತ್ತಿಯ ಒಡಹುಟ್ಟಿದ ತಂಗಿ.

"ಸಣ್ಣತ್ತಿಗೆ ಏನಿಡ್ಲಿ?" ಎಂದೆ.

"ಆಕಿಗೆ ಏನೂ ಬ್ಯಾಡ."

"ಅಂದ್ರ ನಂಬರ್ ತಗದು ಬಿಡ್ಲೇನು?"

ಅತ್ತಿಯ ಕೈ ನಿಂತಿತು. "ತಗಿ ಅಂದ್ನೇನು? ಇರಲಿ. ಸಪ್ಪಳ ಬ್ಯಾಡ ಅಂದೆ." ಸಣ್ಣತ್ತಿಯ ಕರೆ ಬಂದರೆ ಫೋನು ಸಪ್ಪಳವನ್ನೇ ಮಾಡದಂತೆ ಇಟ್ಟೆ.

ಅಕ್ಕತಂಗಿಯರು ಮಾತು ಬಿಟ್ಟು ಆಗ ಒಂದು ವರ್ಷವಾಗಿತ್ತು. ಕಾರಣ ಹೇಳಿದರೆ ನೀವು ನಗುತ್ತೀರಿ. ನಾನೂ ನಕ್ಕು ಬೈಸಿಕೊಂಡಿದ್ದೆ. ಪ್ರತಿ ವರ್ಷ ದೊಡ್ಡತ್ತಿ ತಾನೇ ಕಾಯಿ ಆರಿಸಿ, ಬಿಸಿಲಿಗೆ ಒಣಗಿಸಿ, ಕುಟ್ಟಿಸಿ, ತಂಗಿಗೆ ಒಂದು ಡಬ್ಬಿ ಖಾರದ ಪುಡಿ ಕಳಿಸುತ್ತಿದ್ದಳು. ಸಣ್ಣತ್ತಿಯ ಮಗಳು ರೇಣುಕಾಳ ಮದುವೆ ಮಾತುಕತೆಗೆ ಬೀಗರು ಬಂದಿದ್ದಾಗ, ಊಟ ಮಾಡುತ್ತ ಯಾರೋ ಸಾರು ಚಲೋ ಆಗೈತಿ ಎಂದರು. ಸಣ್ಣತ್ತಿ ಉಬ್ಬಿ, "ಅಕ್ಕನ ಖಾರಕ್ಕ ಬಣ್ಣಾ ಅಷ್ಟ ಐತ್ರಿ. ನಾ ಆಂಧ್ರದ ಕಾಯಿ ಕೂಡಿಸ್ತೀನಿ, ಅದಕ್ಕ ರುಚಿ" ಎಂದುಬಿಟ್ಟಳು. ಬಡಿಸುತ್ತಿದ್ದ ದೊಡ್ಡತ್ತಿ ಸಾರಿನ ಸೌಟನ್ನು ಅಲ್ಲೇ ಇಟ್ಟು, ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿಗೆ ನಡೆದಳು. ಬ್ಯಾಡಗಿಯ ಹೆಂಗಸಿನ ಖಾರಕ್ಕೆ ಬೇರೆ ಊರಿನ ಖಾರ ಕೂಡಿಸುವುದು, ಅದನ್ನು ಬೀಗರೆದುರು ಹೇಳುವುದು! ಚರ್ಚೆಯಲ್ಲಿ ಇದನ್ನು ಕ್ಷುಲ್ಲಕ ಕಾರಣ ಎನ್ನುತ್ತೇವೆ. ಬ್ಯಾಡಗಿಯಲ್ಲಿ ಹಾಗೆನ್ನುವುದಿಲ್ಲ.

ಕಷ್ಟವೆಂದರೆ ಆ ರೇಣುಕಾ ಬೆಳೆದದ್ದೇ ದೊಡ್ಡತ್ತಿಯ ಮಡಿಲಲ್ಲಿ. ಸಣ್ಣತ್ತಿಗೆ ಕಾಯಿಲೆಯಾಗಿದ್ದ ಮೂರು ವರ್ಷ ಆ ಕೂಸು ಇದ್ದದ್ದು ಬ್ಯಾಡಗಿಯಲ್ಲಿ. ಅದೇ ರೇಣುಕಾ ಈಗ ಚೊಚ್ಚಲ ಬಸುರಿ, ಹೆರಿಗೆಗೆ ರಾಣೇಬೆನ್ನೂರಿಗೆ ಬಂದಿದ್ದಳು. ದೊಡ್ಡತ್ತಿ ಬಾಯಿಬಿಟ್ಟು ಕೇಳಳು. ನಾನು ಹೋದಾಗೆಲ್ಲ, "ಮತ್ತೇನವಾ, ಆ ಕಡೆ ಏನ್ ಸುದ್ದಿ?" ಎನ್ನುವಳು. "ಯಾವ ಕಡೆ?" ಎಂದು ನಾನು. "ಏನಿಲ್ಲ ಬಿಡು" ಎಂದು ಅವಳು. ಅವಳಿಗೆ ಬೇಕಾದ ಸುದ್ದಿ ಒಂದೇ ಇತ್ತು. ಅದನ್ನು ತರುವ ದಾರಿಯ ಬಾಯಿ ಮುಚ್ಚಿದ್ದು ನಾನು, ಅವಳ ಅಪ್ಪಣೆಯಂತೆ, ನನ್ನ ಈ ಕೈಯಿಂದ.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ತಿಂಗಳಿಗೊಮ್ಮೆ ಫೋನಿನ ಸುಣ್ಣ ಕೆರೆಯಲು ಕೂತಾಗ ನಾನು ತಪ್ಪಿದ ಕರೆಗಳ ಪಟ್ಟಿ ನೋಡುತ್ತಿದ್ದೆ. ಶನಿವಾರ ಮಧ್ಯಾಹ್ನ, ಸಣ್ಣತ್ತಿ. ಅದರ ಹಿಂದಿನ ಶನಿವಾರ, ಸಣ್ಣತ್ತಿ. ಶನಿವಾರ ಆಕೆ ಕದರಮಂಡಲಗಿಯ ಹಣಮಪ್ಪನ ಗುಡಿಗೆ ಬಂದು, ಕೈಮುಗಿದು, ಅಲ್ಲಿಂದ ಅಕ್ಕನಿಗೆ ಫೋನು ಹಚ್ಚುತ್ತಿದ್ದಳು. ಕದರಮಂಡಲಗಿಯಿಂದ ಬ್ಯಾಡಗಿ ಹತ್ತಿರ, ಫೋನು ಚಲೋ ಹತ್ತುತ್ತದೆ ಎಂಬುದು ಅವಳ ನಂಬಿಕೆ. ಇತ್ತ ಫೋನು ಸಂಚಿಯೊಳಗೆ ಬೆಳಕು ಬಿಟ್ಟು ಬೆಳಕು ಆರಿಸಿ ಸುಮ್ಮನಾಗುತ್ತಿತ್ತು. ನಾನು ನೋಡಿದೆ, ಹೇಳಲಿಲ್ಲ. ಸಪ್ಪಳ ಬೇಡ ಎಂದವಳಿಗೆ ಸುದ್ದಿ ಯಾಕೆ, ನಾನು ತಟಸ್ಥಳು ಎಂದುಕೊಂಡೆ. ಎಲ್ಲದಕ್ಕೂ ಬಾಯಿ ಹಾಕುವವಳು ಇದೊಂದಕ್ಕೆ ಬಾಯಿ ಮುಚ್ಚಿಕೊಂಡು ಅದನ್ನು ನ್ಯಾಯ ಎಂದು ಕರೆದುಕೊಂಡೆ.

ಇನ್ನು ಕಿಂಡಿಯ ವಿಷಯ. ಫೋನಿನ ತಳದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಪಕ್ಕದ ಎರಡು ಗುಂಡಿ ಒತ್ತಿ ಹಿಡಿದು ಕಡ್ಡಿಯಿಂದ ಆ ಕಿಂಡಿಗೆ ಚುಚ್ಚಿದರೆ ಫೋನು ರೀಸೆಟ್ ಆಗುತ್ತದೆ ಎಂದು ನನಗೆ ತಿಳಿದದ್ದು ಬ್ಯಾಡಗಿ ಬಸ್ ಸ್ಟ್ಯಾಂಡಿನ ಹತ್ತಿರ ಫೋನು ರಿಪೇರಿ ಮಾಡುವ ಖಾದರಣ್ಣನಿಂದ. ತಿಳಿಸುವಾಗಲೇ ಅವನು ಎಚ್ಚರಿಸಿದ್ದ.

"ಫೋನ್ ನಿಂತ್ರ ಬಂದ್ ಮಾಡಿ ಚಾಲೂ ಮಾಡ್ರಿ. ಕಿಂಡಿ ತಂಟೆಕ ಹೋಗಬ್ಯಾಡ್ರಿ."

"ಯಾಕ? ಬಂದ್ ಮಾಡಿದ್ರೂ ಮೊದಲಿಂದ ಶುರು ಆಗ್ತೈತಿ, ರೀಸೆಟ್ ಮಾಡಿದ್ರೂ ಮೊದಲಿಂದ ಶುರು ಆಗ್ತೈತಿ. ಹೆಸರು ಎರಡು, ಕೆಲಸ ಒಂದ" ಎಂದೆ.

"ಒಂದ ಅಲ್ರಿ ತಂಗೆಮ್ಮ."

"ವ್ಯತ್ಯಾಸ ಏನು, ಒಂದು ವಾಕ್ಯದಾಗ ಹೇಳ್ರಿ."

ಖಾದರಣ್ಣನ ಬಾಯಲ್ಲಿ ಆಗ ಒಂದು ಸ್ಕ್ರೂ ಇತ್ತು, ಅಂಗಡಿಯ ಮುಂದೆ ಮೂರು ಗಿರಾಕಿಗಳಿದ್ದರು. ಅವನು ಒಂದು ಗಳಿಗೆ ತಡವರಿಸಿದ. ಎದುರಾಳಿ ತಡವರಿಸಿದರೆ ನಾನು ಗೆದ್ದಂತೆ. ನಮ್ಮ ತರಬೇತಿಯೇ ಹಾಗೆ. ಅವನು ಸ್ಕ್ರೂ ತೆಗೆದು, "ಆತ್ರಿ, ನೀವು ಗೆದ್ರಿ. ಫೋನ್ ಸೋಲದಿದ್ರ ಸಾಕು" ಎಂದ. ಗಿರಾಕಿಗಳು ನಕ್ಕರು. ನನ್ನ ಗೆಲುವಿಗೆ ನಕ್ಕರೆಂದು ತಿಳಿದು ಬಂದೆ.

ಒಂದು ಶನಿವಾರ ಬೆಳಿಗ್ಗೆ ನಾನು ಬ್ಯಾಡಗಿಗೆ ಹೋದಾಗ ಅತ್ತಿಯ ಫೋನು ನಿಂತುಹೋಗಿತ್ತು. ಪರದೆ ಹೊಳೆಯುತ್ತಿದೆ, ಕಡ್ಡಿಯಿಂದ ತಿವಿದರೆ ಉಸಿರಿಲ್ಲ. "ಮುಂಜಾನಿಂದ ಹಿಂಗ ಕಣ್ಣು ಬಿಟ್ಟುಕೊಂಡು ಕುಂತೈತಿ. ಖಾದರಗ ತೋರಿಸಿ ಬಾ" ಎಂದಳು ಅತ್ತಿ. ಸುತ್ತ ಹನ್ನೆರಡು ಹೆಂಗಸರು ಕೂತಿದ್ದರು. ಕೆಂಪು ರಾಶಿಯ ಮುಂದೆ, ಪ್ರೇಕ್ಷಕರಿರುವ ಕಡೆ, ಇನ್ನೊಬ್ಬರ ಸಹಾಯ ಕೇಳಲು ನನ್ನ ನಾಲಿಗೆ ಏಳಲಿಲ್ಲ. "ಖಾದರಣ್ಣ ಯಾಕ, ನಾ ಇಲ್ಲನು?" ಎಂದು ಎರಡು ಗುಂಡಿ ಒತ್ತಿ ಹಿಡಿದು ಕಿಂಡಿಗೆ ಕಡ್ಡಿ ಚುಚ್ಚಿದೆ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಎಲ್ಲವೂ ಅಳಿಸಿಹೋಗುತ್ತದೆ, ಸಮ್ಮತವೇ ಎಂದು. ಇಂಥವು ಬರೀ ಔಪಚಾರಿಕ, ಬಸ್ಸಿನಲ್ಲಿ 'ಕೈ ಹೊರಗೆ ಹಾಕಬೇಡಿ' ಎಂದು ಬರೆದಿರುವಂತೆ ಎಂದು ನನಗೆ ನಾನೇ ವಾದಿಸಿ ಸಮ್ಮತಿಸಿದೆ. ಫೋನು ಕತ್ತಲಾಯಿತು. ಮತ್ತೆ ಬೆಳಗಿತು. ಅಂಗಡಿಯಿಂದ ಈಗಷ್ಟೇ ತಂದಂತೆ, ನಮ್ಮನ್ನು ಎಂದೂ ಕಂಡಿಲ್ಲವೆಂಬಂತೆ, ಸ್ವಾಗತ ಕೋರಿತು.

"ಚಾಲೂ ಆತು ನೋಡ್ರಿ" ಎಂದೆ.

ಫಾತಿಮಾ ತನ್ನ ಫೋನಿನಿಂದ ಹಚ್ಚಿ ನೋಡಿದಳು. ಟ್ರಿಣ್ ಟ್ರಿಣ್ ಎಂದಿತು. ಅವಳು ನೀಲವ್ವನ ಫೋನಿನಿಂದ ಹಚ್ಚಿದಳು. ಟ್ರಿಣ್ ಟ್ರಿಣ್.

ಅತ್ತಿ ನನ್ನನ್ನು ನೋಡಿದಳು. "ನೀಲವ್ವನ ಕೆಮ್ಮು ಎಲ್ಲಿ ಹೋತು?"

ಹೆಸರುಗಳ ಪಟ್ಟಿ ತೆರೆದೆ. ತೊಳೆದಿಟ್ಟ ಹಲಗೆಯಂತಿತ್ತು. "ಎಲ್ಲಾ ಹೋಗ್ಯಾವ ಅತ್ತಿ" ಎಂದೆ.

"ಎಲ್ಲಾರೂ?"

"ಎಲ್ಲಾರೂ."

ಬೈಗುಳಕ್ಕೆ ಬೆನ್ನು ಒಡ್ಡಿ ಕೂತೆ. ಬೈಗುಳ ಬರಲಿಲ್ಲ. ಅತ್ತಿ ಒಂದು ಕಾಯಿಯ ತೊಟ್ಟು ಮುರಿದು, ಇನ್ನೊಂದನ್ನು ಮುರಿದು, ದನಿ ತಗ್ಗಿಸಿ ಕೇಳಿದಳು: "ಆಕೀನೂ?"

"ಆಕೀನೂ."

"ಮಾತಾಡದಿದ್ರೂ ಅದರಾಗ ಇದ್ಲು" ಎಂದಳು.

"ಅಪ್ಪನ ಕಡೆ ನಂಬರ್ ಐತಿ. ಈಗ ಕೇಳಿ ಹಾಕ್ಲಿ?"

"ನಾ ಕೇಳಿದ್ನೇನು?" ಎಂದು ಅತ್ತಿ ರಾಶಿಯ ಕಡೆ ತಿರುಗಿದಳು.

ನಾನು ಫೋನು ಹಿಡಿದು ಖಾದರಣ್ಣನ ಅಂಗಡಿಗೆ ಓಡಿದೆ. ಅವನು ಫೋನು ನೋಡಿದ, ನನ್ನ ಮುಖ ನೋಡಿದ. ಅಂದು ಸಿಗದ ವಾಕ್ಯ ಅವನಿಗೆ ಈಗ ಸಿಕ್ಕಿತ್ತು.

"ತಂಗೆಮ್ಮ, ಬಂದ್ ಮಾಡೂದಂದ್ರ ರಾತ್ರಿ ಅಂಗಡಿ ಬಾಗ್ಲಾ ಹಾಕಿದಂಗ. ಮುಂಜಾನೆ ತಗದ್ರ ಚೀಲ ಇಟ್ಟಲ್ಲೇ ಇರ್ತಾವ. ರೀಸೆಟ್ ಅಂದ್ರ ಅಂಗಡಿ ಖಾಲಿ ಮಾಡಿ, ಸುಣ್ಣಾ ಹೊಡದು, ಕೀಲಿ ಕೈ ಹೊಸಾ ಮಾಲೀಕಗ ಕೊಟ್ಟಂಗ. ಗ್ವಾಡಿ ಅದ ಇರ್ತಾವ, ಮಾಲು ಇರೂದಿಲ್ಲ."

"ಗುಂಡಿ ಒತ್ತಿದ್ರ ಬಂದ್ ಆಗ್ತಿರಲಿಲ್ಲ ಅದು" ಎಂದು ಸಣ್ಣಗೆ ಗೊಣಗಿದೆ. ಒತ್ತಿಯೇ ನೋಡಿರಲಿಲ್ಲ.

"ಬ್ಯಾಟರಿ ತಗದು ಹಾಕಿದ್ರ ಮುಗೀತಿತ್ತು. ಹೆಸರು ಸಿಮ್ಮಿನಾಗ ಇಟ್ಟಿದ್ರ ಉಳೀತಿದ್ವು."

ಸಿಮ್ಮಿನಲ್ಲಿಟ್ಟರೆ ಒಬ್ಬೊಬ್ಬರಿಗೆ ಒಂದೊಂದು ದನಿ ಕೊಡಲು ಬರುತ್ತಿರಲಿಲ್ಲ. ಆದ್ದರಿಂದಲೇ ಎಲ್ಲರನ್ನೂ ಫೋನಿನೊಳಗೆ ಹಾಕಿದ್ದೆ. ಖಾದರಣ್ಣ ಚಾರ್ಜರಿನ ತೂತಿನ ಸುಣ್ಣ ಕೆರೆದು, "ಅಕ್ಕಾರಿಗೆ ನನ್ನ ನಂಬರ್ ಮೊದಲು ಹಾಕಿ ಕೊಡ್ರಿ" ಎಂದು ಕಳಿಸಿದ. ಸೋತವಳ ಮೇಲೆ ಇಷ್ಟು ದಯೆ ತೋರುವುದನ್ನು ನಮಗೆ ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ.

ವಾಪಸು ಬಂದು ಅತ್ತಿಯ ಪಕ್ಕ ಕುಳಿತೆ. ಯಾರು ಎಂಬುದು ಇನ್ನು ಸಪ್ಪಳದಿಂದ ತಿಳಿಯುವಂತಿರಲಿಲ್ಲ. ಅಂಗಡಿಯವರು ಹಚ್ಚಿದರೂ ಟ್ರಿಣ್, ಕಾಗಿನೆಲೆಯಿಂದ ಮಾಲು ತರುವವನು ಹಚ್ಚಿದರೂ ಟ್ರಿಣ್. ಅತ್ತಿ ಪ್ರತಿ ಸಲವೂ, "ಎತ್ತಿ ಕಿವಿಗೆ ಹಿಡಿ" ಎನ್ನುವಳು, ಅವಳ ಎರಡೂ ಕೈ ಕೆಂಪು. ನಾನು ಹಿಡಿಯುವೆ. "ಯಾರ್ರೀ?" ಎನ್ನುವಳು. ಹೀಗೆ ಮೂರೋ ನಾಲ್ಕೋ ಆದವು.

ಮಧ್ಯಾಹ್ನ ಮತ್ತೊಮ್ಮೆ ಫೋನು ಹೊಡೆಯಿತು. ಪರದೆಯ ಮೇಲೆ ಹೆಸರಿಲ್ಲ, ಹತ್ತು ಅಂಕಿಗಳು. ಆ ಅಂಕಿಗಳನ್ನು ಫೋನಿಗೆ ತುಂಬಿದವಳು ನಾನು, ತಿಂಗಳು ತಿಂಗಳು ಪಟ್ಟಿಯಲ್ಲಿ ಹೆಸರಿನ ಜೊತೆ ನೋಡಿದವಳು ನಾನು. ಕೊನೆಯ ಮೂರು ಅಂಕಿ ನೋಡಿದೊಡನೆ ಸಣ್ಣತ್ತಿ ಎಂದು ಗೊತ್ತಾಯಿತು.

"ಯಾರದು?" ಎಂದಳು ಅತ್ತಿ.

ಹೆಸರು ಹೇಳಿದರೆ ಅವಳು ಬೇಡ ಎನ್ನುತ್ತಾಳೆ. ಸುಳ್ಳು ಹೇಳುವುದು ನನ್ನ ತತ್ವಕ್ಕೆ ಸಲ್ಲದು. "ನಂಬರ್ ಬಂದೈತಿ ಅತ್ತಿ. ಹೆಸರು ಬಂದಿಲ್ಲ" ಎಂದೆ. ಅಕ್ಷರಶಃ ಸತ್ಯ. ನನ್ನ ಎಲ್ಲ ಲೋಟಗಳನ್ನು ಒಂದು ಕಡೆ ಇಟ್ಟರೂ ಆ ಒಂದು ವಾಕ್ಯದಷ್ಟು ತೂಗಲಾರವು.

"ಹಿಡಿ ಮತ್ತ."

ಹಿಡಿದೆ. "ಯಾರ್ರೀ?" ಎಂದಳು.

ಆ ಬದಿಯಲ್ಲಿ ಉಸಿರು ಕೇಳಿತು. ಆಮೇಲೆ, ನಂಬಲಾರದ ದನಿಯಲ್ಲಿ, "ಅಕ್ಕಾ, ಎತ್ತಿದೇನ?"

ಅತ್ತಿಯ ಬೆರಳಲ್ಲಿದ್ದ ಕಾಯಿ ಮುರಿದು ಬೀಜ ಚೆಲ್ಲಿತು. ಅವಳು ನನ್ನತ್ತ ನೋಡಿದಳು. ನಾನು ತೀರ್ಪುಗಾರರಂತೆ ಮಾಡಿನ ತಗಡು ನೋಡುತ್ತಿದ್ದೆ. ಫೋನನ್ನು ಮಾತ್ರ ಅವಳ ಕಿವಿಯಿಂದ ತೆಗೆಯಲಿಲ್ಲ.

"ರೇಣುಕಾ ಹಡದಾಳ" ಎಂದಿತು ಫೋನು. "ಹೆಣ್ಣು. ಇಬ್ಬರೂ ಆರಾಮ ಅದಾರ. ಮೂರು ದಿನಾತು."

ವರ್ಷಕ್ಕೂ ಮೀರಿ ಕೂಡಿಟ್ಟ ಮಾತಿನಲ್ಲಿ ಮೊದಲನೆಯದು ಹೊರಬಿತ್ತು. "ಮೂರು ದಿನಾತು, ಈಗ ಹೇಳಾಕತ್ತೀಯೇನ?"

"ಮೂರೂ ದಿನಾ ಹಚ್ಚೇನಿ. ನೀ ಎಲ್ಲಿ ಎತ್ತೀದಿ? ವರ್ಷಗಟ್ಲೆ ಹಚ್ಚಾಕತ್ತೇನಿ."

"ವರ್ಷಗಟ್ಲೆ?" ಅತ್ತಿ ಈ ಸಲ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬಣ್ಣಿಸಲಾರೆ. ನನ್ನ ತಾಟಸ್ಥ್ಯದ ಬಣ್ಣವೆಲ್ಲ ಅದರಲ್ಲಿ ಬಿಟ್ಟುಹೋಯಿತು. ಆಮೇಲೆ ಅವಳು ಫೋನಿಗೆ ಹೇಳಿದಳು: "ಫೋನ್ ಕೆಟ್ಟಿತ್ತವಾ. ಇವತ್ತ ವಕೀಲಿ ರಿಪೇರಿ ಮಾಡ್ಯಾಳ."

ಫಾತಿಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಕ್ಕಾ," ಎಂದಳು ಸಣ್ಣತ್ತಿ, "ಬಾಣಂತಿ ಸಾರಿಗೆ ನಿನ್ನ ಖಾರಾನ ಬೇಕು. ನಮ್ಮ ಮನ್ಯಾಂದು ಆಕಿ ಗಂಟಲದಾಗ ಇಳಿಯೂದಿಲ್ಲ. ದೊಡ್ಡವ್ವನ ಖಾರಾ ತರಸು ಅಂತ ಹಟಾ ಹಿಡದಾಳ."

"ಯಾಕ, ನಿನ್ನ ಆಂಧ್ರದ ಕಾಯಿ ಏನಾದ್ವು?"

"ಇರಲಿ ಬಿಡ ಅಕ್ಕಾ. ಬಾಯಿ ತಪ್ಪಿ ಅಂದಿದ್ದೆ."

"ಬೀಗರ ಮುಂದ ಅಂದಿದ್ದಿ."

"ಬೀಗರ ಮುಂದ ಅಂದಿದ್ದೆ."

ಅತ್ತಿ ಒಂದು ನಿಟ್ಟುಸಿರು ಬಿಟ್ಟಳು. "ನಾಳಿ ಮುಂಜಾನೆ ಬಸ್ಸಿಗೆ ಬರ್ತೀನಿ. ಕೂಸಿಗೆ ಥಂಡಿ ಹತ್ತಿಸಬ್ಯಾಡ. ಖಾರಕ್ಕ ಏನರ ಕೂಡಿಸಿದಿ ಅಂದ್ರ ನೋಡು ಮತ್ತ."

ಫೋನು ಇಳಿಸಿದೆ. ಅತ್ತಿ ಮೊಣಕೈಯ ಮೇಲ್ಬದಿಯಿಂದ ಕಣ್ಣು ಒರೆಸಿಕೊಂಡು, "ಘಾಟು" ಎಂದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ವಾದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಈ ಕಥೆ ಕೇಳಿದ ಗೆಳತಿಯರು, "ಅಂದ್ರ ಸಂಬಂಧಗಳನ್ನೂ ಆಗಾಗ ರೀಸೆಟ್ ಮಾಡಬೇಕು" ಎಂದು ತಲೆದೂಗುತ್ತಾರೆ. ನಾನು ಒಪ್ಪುವುದಿಲ್ಲ. ಅತ್ತಿಯ ಸಿಟ್ಟು ಫೋನಿನಲ್ಲಿ ಇರಲಿಲ್ಲ. ರೀಸೆಟ್ ಆದಮೇಲೂ ಬೀಗರ ಮುಂದೆ ಎಂಬುದು ಅವಳಿಗೆ ಅಚ್ಚಳಿಯದೆ ನೆನಪಿತ್ತು. ರೇಣುಕಾಳ ಮೇಲಿನ ಜೀವವೂ ಫೋನಿನಲ್ಲಿ ಇರಲಿಲ್ಲ. ಫೋನಿನಲ್ಲಿದ್ದದ್ದು ಸಪ್ಪಳವಿಲ್ಲದಿರುವಿಕೆ ಮಾತ್ರ, ಅದನ್ನು ಅಲ್ಲಿ ಇಟ್ಟವಳು ನಾನು. ಕಿಂಡಿಗೆ ಚುಚ್ಚಿದಾಗ ಅದೊಂದು ಹೋಯಿತು. ಜೊತೆಗೆ ನೀಲವ್ವನ ಕೆಮ್ಮೂ ಹೋಯಿತು. ಆ ಹೊತ್ತಿಗೆ ಅವಳಿಗೆ ಔಷಧಿ ನಾಟಿತ್ತು, ಮತ್ತೆ ಅಂಥ ಕೆಮ್ಮು ದಾಖಲಿಸಲು ನಮ್ಮಿಂದ ಆಗಲೇ ಇಲ್ಲ.

ಮರುದಿನ ಡಬ್ಬಿ ಖಾರ ಹಿಡಿದು ಅತ್ತಿಯೊಡನೆ ನಾನೂ ರಾಣೇಬೆನ್ನೂರಿಗೆ ಹೋದೆ. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಕೂಸನ್ನೇ ನೋಡುತ್ತ ಅರ್ಧ ತಾಸು ಮಾತಾಡಿದರು. ಹೊರಡುವ ಮುಂಚೆ ನಾನು ಫೋನು ತೆಗೆದು ಸಣ್ಣತ್ತಿಯ ಬಾಯಿಯ ಹತ್ತಿರ ಹಿಡಿದು, "ಏನರ ಅನ್ನು" ಎಂದೆ. ಏನನ್ನಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹಿಂದಿನ ದಿನ ಅಂದದ್ದನ್ನೇ ಅಂದಳು.

ಅಲ್ಲಿಂದ ಮುಂದೆ ಆ ಫೋನು ಕೆಟ್ಟು ಮೂಲೆ ಸೇರಿ, ಅದರ ಕಡ್ಡಿ ನನ್ನ ಹೊಲಿಗೆ ಡಬ್ಬಿಗೆ ಬರುವ ತನಕ, ಶನಿವಾರ ಮಧ್ಯಾಹ್ನ ತೊಟ್ಟು ತೆಗೆಯುವ ಅಂಗಳದಲ್ಲಿ ಎಲೆ ಅಡಿಕೆಯ ಸಂಚಿಯೊಳಗಿಂದ ಒಂದು ದನಿ ಏಳುತ್ತಿತ್ತು: "ಅಕ್ಕಾ, ಎತ್ತಿದೇನ?" ಹೆಂಗಸರೆಲ್ಲ ಅತ್ತಿಯ ಕಡೆ ನೋಡುತ್ತಿದ್ದರು. ಅತ್ತಿ ಕೂಡಲೇ ಎತ್ತುತ್ತಿರಲಿಲ್ಲ. ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು, ಇನ್ನೊಮ್ಮೆ ಕೇಳಿಸಿಕೊಂಡು, ಆಮೇಲೆ ಎತ್ತುತ್ತಿದ್ದಳು.